ಅಣಬೆಯಲ್ಲಿ ‘ಡಿ’ ಜೀವಸತ್ವದ ವೃದ್ಧಿ: ಬಿಸಿಲು ಹಾಗೂ ನೇರಳಾತೀತ ಬೆಳಕಿನ ಬಳಕೆ

ಕುಮಾರಸ್ವಾಮಿ ಲೇಔಟ್ ಹಾಗೂ ಬೆಂಗಳೂರು ದಕ್ಷಿಣದ ಇತರ ಬಡಾವಣೆಗಳಲ್ಲಿ ಅಣಬೆ ಬೆಳೆಯುವ, ಬಳಸುವ ಮತ್ತು ಅಣಬೆ ಬೀಜ, ತರಬೇತಿ ಅಥವಾ ಸಹಾಯಧನಕ್ಕಾಗಿ ಅರ್ಜಿ ಸಲ್ಲಿಸುವ ನಾಗರಿಕರ ಮಾಹಿತಿಗಾಗಿ

1. ಪೀಠಿಕೆ

ಅಣಬೆಯು ಸಸಾರಜನಕ, ನಾರಿನ ಅಂಶ ಹಾಗೂ ‘ಬಿ’ ಗುಂಪಿನ ಜೀವಸತ್ವಗಳಿಂದ ಕೂಡಿದ ಆಹಾರವೆಂಬುದು ಎಲ್ಲರಿಗೂ ತಿಳಿದ ವಿಷಯ. ಕತ್ತಲೆಯ ಕೊಠಡಿಯಲ್ಲಿ ಬೆಳೆದ ಅಣಬೆಯನ್ನು ಕೊಯ್ಲಿನ ನಂತರ ಸ್ವಲ್ಪ ಕಾಲ ನಡುಹಗಲಿನ ಬಿಸಿಲಿಗೆ ಒಡ್ಡಿದಲ್ಲಿ ಅದರಲ್ಲಿ ‘ಡಿ’ ಜೀವಸತ್ವವು ಗಣನೀಯ ಪ್ರಮಾಣದಲ್ಲಿ ಉತ್ಪತ್ತಿಯಾಗುತ್ತದೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಸಸ್ಯಾಹಾರಿಗಳಿಗೆ ಈ ಜೀವಸತ್ವವನ್ನು ಒದಗಿಸುವ ಸಹಜ ಆಹಾರಗಳು ಅತಿ ವಿರಳವಾಗಿರುವುದರಿಂದ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ಇದಕ್ಕೆ ಯಾವುದೇ ಯಂತ್ರೋಪಕರಣದ ಅವಶ್ಯಕತೆ ಇರುವುದಿಲ್ಲ. ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ ಒಣಗಿಸುವ ಮನೆಯ ಮಾಳಿಗೆಯೇ ಸಾಕಾಗುತ್ತದೆ. ಆದರೆ ಸಮಯ, ಅಣಬೆಯನ್ನು ಇಡುವ ರೀತಿ ಮತ್ತು ಬಿಸಿಲು ನೇರವಾಗಿ ಬೀಳುವುದು ಈ ಮೂರೂ ಸರಿಯಾಗಿರತಕ್ಕದ್ದು. ಇವುಗಳಲ್ಲಿ ಒಂದು ತಪ್ಪಿದರೂ ಫಲಿತಾಂಶ ದೊರೆಯದಿರಬಹುದು. ಮತ್ತು ಅದು ದೊರೆತಿಲ್ಲವೆಂಬುದು ಕಣ್ಣಿಗೆ ಕಾಣುವುದಿಲ್ಲ.

2. ಮುಖ್ಯಾಂಶಗಳು

• ಕತ್ತಲೆಯಲ್ಲಿ ಬೆಳೆದ ತಾಜಾ ಅಣಬೆಯಲ್ಲಿ ‘ಡಿ’ ಜೀವಸತ್ವವು ಸಾಮಾನ್ಯವಾಗಿ 100 ಗ್ರಾಂಗೆ 1 ಮೈಕ್ರೋಗ್ರಾಂಗಿಂತ ಕಡಿಮೆ ಇರುತ್ತದೆ.
• ನಡುಹಗಲಿನ ನೇರ ಬಿಸಿಲಿಗೆ ಒಡ್ಡಿದ ಅಣಬೆಯಲ್ಲಿ ಇದು 100 ಗ್ರಾಂಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚಿನ ಮಟ್ಟ ತಲುಪಬಲ್ಲದು.
• ಬೆಂಗಳೂರಿನಲ್ಲಿ ವರ್ಷವಿಡೀ, ಮೋಡವಿಲ್ಲದ ದಿನಗಳಲ್ಲಿ, ಬೆಳಿಗ್ಗೆ 10.30ರಿಂದ ಮಧ್ಯಾಹ್ನ 2.00ರ ನಡುವಿನ ಬಿಸಿಲು ಇದಕ್ಕೆ ಸೂಕ್ತವಾಗಿದೆ.
• ಕಿಟಕಿಯ ಗಾಜಿನ ಹಿಂದೆ, ನೆರಳಿನಲ್ಲಿ ಅಥವಾ ಸಂಜೆಯ ಬಿಸಿಲಿನಲ್ಲಿ ಇಟ್ಟ ಅಣಬೆಯಿಂದ ನಿರೀಕ್ಷಿತ ಪ್ರಯೋಜನ ದೊರೆಯುವುದಿಲ್ಲ.
• ನೇರಳಾತೀತ ದೀಪಗಳು ಕಣ್ಣಿಗೂ ಚರ್ಮಕ್ಕೂ ಹಾನಿಕರ. ಗೃಹ ಬಳಕೆಗೆ ಅವುಗಳ ಅಗತ್ಯವಿಲ್ಲ.
• ಇದು ಆಹಾರ ಕ್ರಮವೇ ಹೊರತು ಚಿಕಿತ್ಸೆಯಲ್ಲ.

3. ‘ಡಿ’ ಜೀವಸತ್ವದ ಅವಶ್ಯಕತೆ

ಆಹಾರದಲ್ಲಿನ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಕರುಳು ಹೀರಿಕೊಳ್ಳಲು ‘ಡಿ’ ಜೀವಸತ್ವ ಅವಶ್ಯಕ. ಇದರ ತೀವ್ರ ಕೊರತೆಯಿಂದ ಮಕ್ಕಳಲ್ಲಿ ಮೂಳೆಗಳು ಬಾಗುವ ರಿಕೆಟ್ಸ್ ಕಾಯಿಲೆಯೂ, ವಯಸ್ಕರಲ್ಲಿ ಮೂಳೆ ಮೆದುವಾಗುವ ತೊಂದರೆ, ಮೈಕೈ ನೋವು ಹಾಗೂ ಸ್ನಾಯುಗಳ ದುರ್ಬಲತೆಯೂ ಕಂಡುಬರುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕರಿಗೆ ದಿನವೊಂದಕ್ಕೆ 600 ಐ.ಯು., ಅಂದರೆ 15 ಮೈಕ್ರೋಗ್ರಾಂ ‘ಡಿ’ ಜೀವಸತ್ವ ಬೇಕಾಗುತ್ತದೆ. 1 ಮೈಕ್ರೋಗ್ರಾಂ ಎಂದರೆ 40 ಐ.ಯು. ಔಷಧಿ ಅಂಗಡಿಯ ಚೀಟಿಗಳಲ್ಲಿ ಐ.ಯು. ಎಂದೂ, ಆಹಾರದ ಪೊಟ್ಟಣಗಳಲ್ಲಿ ಮೈಕ್ರೋಗ್ರಾಂ ಎಂದೂ ನಮೂದಿಸುವುದುಂಟು. ಹೋಲಿಸುವಾಗ ಈ ಲೆಕ್ಕವನ್ನು ನೆನಪಿನಲ್ಲಿಡತಕ್ಕದ್ದು.

ಮನುಷ್ಯನ ಚರ್ಮವು ಬಿಸಿಲಿನಲ್ಲಿ ಈ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ನಗರವಾಸಿಗಳು ಮುಂಜಾನೆ ಮನೆಯಿಂದ ಹೊರಟು ದಿನವಿಡೀ ಕಚೇರಿ, ಕಾರ್ಖಾನೆ, ಶಾಲಾ ಕಾಲೇಜುಗಳ ಒಳಗೆ ಕಳೆದು ಹೊತ್ತು ಮುಳುಗಿದ ಮೇಲೆ ಹಿಂದಿರುಗುವುದು ಸಾಮಾನ್ಯ. ಬೆಳಗಿನ ಮತ್ತು ಸಂಜೆಯ ವಾಯುವಿಹಾರವು ಆರೋಗ್ಯಕ್ಕೆ ಹಿತಕರವಾದರೂ ಆ ಹೊತ್ತಿನ ಎಳೆಬಿಸಿಲಿನಿಂದ ಈ ಜೀವಸತ್ವ ಹೆಚ್ಚಾಗಿ ದೊರೆಯುವುದಿಲ್ಲ. ಹೀಗಾಗಿ ವರ್ಷವಿಡೀ ಬಿಸಿಲಿರುವ ನಾಡಿನಲ್ಲಿಯೂ ಕೊರತೆ ಕಂಡುಬರುತ್ತದೆ.

ಮೀನು, ಮೊಟ್ಟೆಯ ಹಳದಿ ಭಾಗ ಹಾಗೂ ಯಕೃತ್ತಿನಲ್ಲಿ ‘ಡಿ’ ಜೀವಸತ್ವ ಇರುತ್ತದೆ. ಧಾನ್ಯ, ಬೇಳೆ, ತರಕಾರಿ, ಹಣ್ಣುಗಳನ್ನು ಇದರ ಮೂಲಗಳೆಂದು ಪರಿಗಣಿಸುವಂತಿಲ್ಲ. ಸಸ್ಯಾಹಾರಿಗಳಿಗೆ ಉಳಿಯುವುದು ಸಾರವರ್ಧಿತ ಹಾಲು, ಸಾರವರ್ಧಿತ ಅಡುಗೆ ಎಣ್ಣೆ ಮತ್ತು ಬಿಸಿಲು ಕಂಡ ಅಣಬೆ. 2018ರ ಆಹಾರ ಸಾರವರ್ಧನೆ ನಿಯಮಗಳನ್ವಯ ಸಾರವರ್ಧಿತ ಹಾಲಿನಲ್ಲಿ ಲೀಟರಿಗೆ 5ರಿಂದ 7.5 ಮೈಕ್ರೋಗ್ರಾಂ ‘ಡಿ’ ಜೀವಸತ್ವ ಇರಬೇಕು. ಸರಿಯಾದ ರೀತಿಯಲ್ಲಿ ಬಿಸಿಲಿಗೆ ಒಡ್ಡಿದ 100 ಗ್ರಾಂ ಅಣಬೆಯಲ್ಲಿ ಇದಕ್ಕಿಂತ ಹೆಚ್ಚು ದೊರೆಯಬಲ್ಲದು.

4. ಅಣಬೆಯೊಳಗೆ ನಡೆಯುವ ಬದಲಾವಣೆ

ಅಣಬೆಯ ಜೀವಕೋಶಗಳಲ್ಲಿ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನ ಸ್ವರೂಪದ ವಸ್ತುವಿದೆ. ಪ್ರಾಣಿಗಳ ಜೀವಕೋಶಗಳಲ್ಲಿ ಕೊಲೆಸ್ಟೆರಾಲ್ ಮಾಡುವ ಕೆಲಸವನ್ನು ಶಿಲೀಂಧ್ರಗಳಲ್ಲಿ ಇದು ಮಾಡುತ್ತದೆ. 280ರಿಂದ 315 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಕಿರಣಗಳು, ಅಂದರೆ ಯು.ವಿ.-ಬಿ ಕಿರಣಗಳು, ಇದರ ಮೇಲೆ ಬಿದ್ದಾಗ ಅಣುವಿನ ಒಂದು ಉಂಗುರ ಬಿಚ್ಚಿಕೊಂಡು ‘ಡಿ-2’ರ ಪೂರ್ವರೂಪ ಉಂಟಾಗುತ್ತದೆ. ನಂತರ ಈ ಪೂರ್ವರೂಪವು ಸುತ್ತಲಿನ ಶಾಖದಿಂದ ನಿಧಾನವಾಗಿ ‘ಡಿ-2’ ಜೀವಸತ್ವವಾಗಿ ಮಾರ್ಪಡುತ್ತದೆ. ಕೊಯ್ಲಾದ ಅಣಬೆಯಲ್ಲಿಯೂ ಈ ಬದಲಾವಣೆ ನಡೆಯುವುದರಿಂದ ಅಂಗಡಿಯಿಂದ ತಂದ ಅಣಬೆಗೂ ಈ ಕ್ರಮ ಅನ್ವಯಿಸುತ್ತದೆ.

ಈ ತಿಳಿವಳಿಕೆ ಹೊಸದಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್ ಅವರು 1924ರಲ್ಲಿ, ನೇರಳಾತೀತ ಬೆಳಕಿಗೆ ಒಡ್ಡಿದ ಆಹಾರವು ರಿಕೆಟ್ಸ್ ಕಾಯಿಲೆಯನ್ನು ತಡೆಯುವ ಗುಣ ಪಡೆಯುತ್ತದೆ ಎಂದು ತೋರಿಸಿದರು. ಸ್ಟೆರಾಲ್‌ಗಳಿಗೂ ಜೀವಸತ್ವಗಳಿಗೂ ಇರುವ ಸಂಬಂಧವನ್ನು ಕುರಿತ ಕಾರ್ಯಕ್ಕಾಗಿ ಜರ್ಮನಿಯ ಅಡಾಲ್ಫ್ ವಿಂಡಾಸ್ ಅವರಿಗೆ 1928ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಯೂರೋಪಿಯನ್ ಒಕ್ಕೂಟವು 2017ರ ಡಿಸೆಂಬರ್‌ನಲ್ಲಿ, ನೇರಳಾತೀತ ಬೆಳಕಿಗೆ ಒಡ್ಡಿದ ಬಟನ್ ಅಣಬೆಯ ಮಾರಾಟಕ್ಕೆ 100 ಗ್ರಾಂ ತಾಜಾ ಅಣಬೆಗೆ 10 ಮೈಕ್ರೋಗ್ರಾಂ ಮಿತಿಯೊಂದಿಗೆ ಅನುಮತಿ ನೀಡಿತು.

5. ಬೆಂಗಳೂರಿನ ಬಿಸಿಲಿನ ಅನುಕೂಲ

ಲಂಡನ್ನಿನಂತಹ ಉತ್ತರದ ನಗರಗಳಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಸೂರ್ಯನು ಬಹಳ ಕೆಳಗಿರುವುದರಿಂದ ಯು.ವಿ.-ಬಿ ಕಿರಣಗಳು ವಾಯುಮಂಡಲದಲ್ಲಿಯೇ ಬಹುಪಾಲು ಹೀರಲ್ಪಡುತ್ತವೆ. ಆದ್ದರಿಂದ ವರ್ಷವಿಡೀ ಇಂತಹ ಅಣಬೆ ಒದಗಿಸಬೇಕಾದ ಅಲ್ಲಿನ ಬೆಳೆಗಾರರು ದೀಪವನ್ನು ಆಶ್ರಯಿಸಬೇಕಾಗುತ್ತದೆ. ಬೆಂಗಳೂರಿನ ಪರಿಸ್ಥಿತಿ ಬೇರೆ.

ಕುಮಾರಸ್ವಾಮಿ ಲೇಔಟ್ ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೆಂಗಳೂರು ನಗರವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ 24 ಹಾಗೂ ಆಗಸ್ಟ್ 18ರ ಆಸುಪಾಸಿನಲ್ಲಿ ಇಲ್ಲಿ ಸೂರ್ಯನು ನಡುನೆತ್ತಿಗೆ ಬಂದು, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇಲ್ಲದಂತಾಗುತ್ತದೆ. ಸೂರ್ಯನು ಅತಿ ಕೆಳಗಿರುವ ಡಿಸೆಂಬರ್ ಮೂರನೆಯ ವಾರದಲ್ಲಿಯೂ ನಡುಹಗಲಿನಲ್ಲಿ ಮನುಷ್ಯನ ನೆರಳು ಅವನ ಎತ್ತರದ ಮುಕ್ಕಾಲು ಭಾಗದಷ್ಟು ಮಾತ್ರ ಇರುತ್ತದೆ.

ಗಡಿಯಾರದ ನಡುಹಗಲು ಮತ್ತು ಸೂರ್ಯನ ನಡುಹಗಲು ಒಂದೇ ಅಲ್ಲ. ಬೆಂಗಳೂರಿನಲ್ಲಿ ಸೂರ್ಯನು ಅತಿ ಎತ್ತರಕ್ಕೆ ಬರುವುದು ನವೆಂಬರ್ ಆರಂಭದಲ್ಲಿ ಮಧ್ಯಾಹ್ನ 12.03ರ ಸುಮಾರಿಗೆ, ಫೆಬ್ರವರಿಯಲ್ಲಿ 12.34ರ ಸುಮಾರಿಗೆ. ಉಳಿದ ತಿಂಗಳುಗಳಲ್ಲಿ ಈ ಎರಡರ ನಡುವೆ ಇರುತ್ತದೆ.

ನೆರಳಿನ ಅಳತೆ: ಬಿಸಿಲಿನಲ್ಲಿ ನಿಂತಾಗ ವ್ಯಕ್ತಿಯ ನೆರಳು ಅವರ ಎತ್ತರಕ್ಕಿಂತ ಗಿಡ್ಡವಾಗಿದ್ದಲ್ಲಿ ಆ ಬಿಸಿಲು ಅಣಬೆಗೆ ಯೋಗ್ಯವೆಂದು ತಿಳಿಯಬಹುದು. ನೆರಳು ಎತ್ತರಕ್ಕಿಂತ ಉದ್ದವಾಗಿದ್ದಲ್ಲಿ, ಬಿಸಿಲು ಎಷ್ಟೇ ಪ್ರಖರವಾಗಿ ಕಂಡರೂ, ಅದರಲ್ಲಿ ಯು.ವಿ.-ಬಿ ಪ್ರಮಾಣ ಕಡಿಮೆ ಇರುತ್ತದೆ. ಬೆಂಗಳೂರಿನಲ್ಲಿ ನೆರಳು ಗಿಡ್ಡವಾಗಿರುವ ಅವಧಿಯು ಡಿಸೆಂಬರ್‌ನಲ್ಲಿ ಸುಮಾರು ಬೆಳಿಗ್ಗೆ 10.30ರಿಂದ ಮಧ್ಯಾಹ್ನ 2.00ರವರೆಗೆ, ಏಪ್ರಿಲ್ ಕೊನೆಯಲ್ಲಿ ಸುಮಾರು 9.15ರಿಂದ 3.20ರವರೆಗೆ ಇರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ದಟ್ಟ ಮೋಡವು ಕಿರಣಗಳನ್ನು ತಗ್ಗಿಸುತ್ತದೆ. ತೆಳು ಮೋಡವಿದ್ದಲ್ಲಿ ಅವಧಿಯನ್ನು ಹೆಚ್ಚಿಸಬಹುದು. ಕಾರ್ಮೋಡ ಕವಿದ ದಿನ ಈ ಕಾರ್ಯವನ್ನು ಕೈಗೊಳ್ಳದಿರುವುದೇ ಲೇಸು.

6. ಮನೆಯ ಮಾಳಿಗೆಯಲ್ಲಿ ಅನುಸರಿಸಬೇಕಾದ ಕ್ರಮ

(ಅ) ಸಿದ್ಧತೆ: ತಾಜಾ ಅಣಬೆಯನ್ನು ಆರಿಸಿಕೊಳ್ಳಬೇಕು. ಅಂಟಾದ, ವಾಸನೆ ಬಂದ ಅಥವಾ ಕಪ್ಪಾದ ಅಣಬೆಯನ್ನು ತೆಗೆದುಹಾಕಬೇಕು. ಪ್ಲಾಸ್ಟಿಕ್ ಪೊಟ್ಟಣದಿಂದ ಹೊರತೆಗೆದು ಮಣ್ಣು, ಹುಲ್ಲಿನ ಚೂರುಗಳನ್ನು ಒಣ ಬಟ್ಟೆಯಿಂದ ಒರೆಸಬೇಕು. ತೊಳೆಯುವ ಕಾರ್ಯವನ್ನು ಅಡುಗೆಯ ಸಮಯಕ್ಕೆ ಬಿಡುವುದು ಒಳಿತು.

(ಆ) ಕತ್ತರಿಸುವುದು: ಬಟನ್ ಅಣಬೆಯನ್ನು ಇಡಿಯಾಗಿ ಇಟ್ಟಲ್ಲಿ ಬಿಳಿಯ ಕೊಡೆಯ ಮೇಲ್ಭಾಗ ಮಾತ್ರ ಬೆಳಕು ಕಾಣುತ್ತದೆ. ತೆಳು ಬಿಲ್ಲೆಗಳಾಗಿ ಕತ್ತರಿಸಿದಲ್ಲಿ ಹೆಚ್ಚಿನ ಭಾಗಕ್ಕೆ ಕಿರಣ ತಾಗಿ ಜೀವಸತ್ವವೂ ಹೆಚ್ಚು ಉತ್ಪತ್ತಿಯಾಗುತ್ತದೆ. ಹಾಲು ಅಣಬೆಯ ಕೊಡೆ ದಪ್ಪವಾಗಿರುವುದರಿಂದ ಅದನ್ನೂ ಸೀಳಿಕೊಳ್ಳಬೇಕು. ಚಿಪ್ಪು ಅಣಬೆಯು ಸ್ವಭಾವತಃ ತೆಳುವಾಗಿದ್ದು ಗೊಂಚಲನ್ನು ಬಿಡಿಸಿದರೆ ಸಾಕು.

(ಇ) ಇಡುವ ರೀತಿ: ಕೊಡೆಯ ಅಡಿಭಾಗದಲ್ಲಿ ಪುಸ್ತಕದ ಹಾಳೆಗಳಂತೆ ಜೋಡಣೆಯಾದ ತೆಳು ಪದರಗಳಿರುತ್ತವೆ. ಈ ಪದರಗಳು ಆಕಾಶದತ್ತ ಮುಖ ಮಾಡುವಂತೆ ಅಣಬೆಯನ್ನು ಅಂಗಾತ ಇಡಬೇಕು. ಜೀವಸತ್ವವು ಹೆಚ್ಚಾಗಿ ಉಂಟಾಗುವುದು ಈ ಪದರಗಳಲ್ಲಿ. ತಟ್ಟೆ, ಮೊರ ಅಥವಾ ಶುಭ್ರ ಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಒಂದೇ ಸಾಲಾಗಿ ಹರಡಬೇಕು.

(ಈ) ಸ್ಥಳ: ನೀರಿನ ತೊಟ್ಟಿ, ಪಕ್ಕದ ಕಟ್ಟಡ ಅಥವಾ ತೆಂಗಿನ ಗರಿಯ ನೆರಳು ಬೀಳದ ಜಾಗವಾಗಿರಬೇಕು. 30×40 ಅಡಿ ನಿವೇಶನಗಳಲ್ಲಿ ಒತ್ತಾಗಿ ಕಟ್ಟಿದ ಮನೆಗಳ ಬಾಲ್ಕನಿಗಳಿಗೆ ನಡುಹಗಲಿನ ನೇರ ಬಿಸಿಲು ಬೀಳುವುದು ಅಪರೂಪ. ಆದುದರಿಂದ ಬಾಲ್ಕನಿಗಿಂತ ಮಾಳಿಗೆಯೇ ಸೂಕ್ತ.

(ಉ) ಅವಧಿ: ಅರ್ಧ ಗಂಟೆಯಿಂದ ಒಂದು ಗಂಟೆ. ಬೇಸಿಗೆಯ ಪ್ರಖರ ಬಿಸಿಲಿನಲ್ಲಿ ಅರ್ಧ ಗಂಟೆ, ಡಿಸೆಂಬರ್ ಹಾಗೂ ಜನವರಿಯಲ್ಲಿ ಅಥವಾ ತೆಳು ಮೋಡವಿದ್ದಾಗ ಒಂದು ಗಂಟೆ ಇಡಬಹುದು. ಒಂದು ಹಂತದ ನಂತರ ಏರಿಕೆ ನಿಧಾನವಾಗುತ್ತದೆ. ಅತಿಯಾದ ಬೆಳಕಿನಿಂದ ಉಂಟಾದ ಜೀವಸತ್ವವೇ ಬೇರೆ ವಸ್ತುಗಳಾಗಿ ಮಾರ್ಪಡುವುದೂ ಉಂಟು. ತಾಜಾ ಅಣಬೆಯು ಹೆಚ್ಚು ಹೊತ್ತು ಬಿಸಿಲಿನಲ್ಲಿದ್ದಲ್ಲಿ ಕಂದುಬಣ್ಣಕ್ಕೆ ತಿರುಗಿ ಬಾಡುತ್ತದೆ.

(ಊ) ರಕ್ಷಣೆ: ನೊಣ ಹಾಗೂ ಕಾಗೆಗಳ ಕಾಟವಿದ್ದಲ್ಲಿ ಅಗಲ ಕಣ್ಣಿನ ತೆಳು ಸೊಳ್ಳೆ ಪರದೆಯನ್ನು ಹೊದಿಸಬಹುದು. ಪರದೆಯು ಸ್ವಲ್ಪ ಬೆಳಕನ್ನು ತಡೆಯುವುದರಿಂದ ಅವಧಿಯನ್ನು 10 ರಿಂದ 15 ನಿಮಿಷ ಹೆಚ್ಚಿಸಬೇಕು.

7. ನಿರೀಕ್ಷಿತ ಫಲ ನೀಡದ ಕ್ರಮಗಳು

ಕೆಳಕಂಡ ಕ್ರಮಗಳಿಂದ ಅಣಬೆ ಒಣಗಬಹುದು ಅಥವಾ ಬೆಚ್ಚಗಾಗಬಹುದು. ಆದರೆ ಅದರಲ್ಲಿ ‘ಡಿ’ ಜೀವಸತ್ವವು ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ.

• ಮುಚ್ಚಿದ ಗಾಜಿನ ಕಿಟಕಿಯ ಒಳಗೆ ಇಡುವುದು. ಕಿಟಕಿಯ ಗಾಜು ಕಣ್ಣಿಗೆ ಕಾಣುವ ಬೆಳಕನ್ನು ಒಳಬಿಟ್ಟರೂ ಯು.ವಿ.-ಬಿ ಕಿರಣಗಳನ್ನು ತಡೆಯುತ್ತದೆ.
• ಪಾಲಿಕಾರ್ಬೊನೇಟ್ ಹಾಳೆ ಹೊದಿಸಿದ ಮಾಳಿಗೆಯ ಕೆಳಗೆ ಇಡುವುದು.
• ಗಾಜಿನ ಮುಚ್ಚಳವಿರುವ ಸೌರ ಒಣಗಿಸುವ ಪೆಟ್ಟಿಗೆಯಲ್ಲಿ ಮಾತ್ರ ಒಣಗಿಸುವುದು. ಇಂತಹ ಪೆಟ್ಟಿಗೆ ಬಳಸುವವರು ಮೊದಲು ಬಯಲಿನ ಬಿಸಿಲಿಗೆ ಒಡ್ಡಿ ನಂತರ ಪೆಟ್ಟಿಗೆಯಲ್ಲಿಡತಕ್ಕದ್ದು.
• ಸೂರ್ಯೋದಯದ ನಂತರದ ಮೊದಲ ಗಂಟೆಗಳ ಅಥವಾ ಸಂಜೆಯ ಬಿಸಿಲಿಗೆ ಒಡ್ಡುವುದು.
• ಸಾಮಾನ್ಯ ಎಲ್.ಇ.ಡಿ. ಬಲ್ಬು, ಟ್ಯೂಬ್‌ಲೈಟ್, ಗಿಡ ಬೆಳೆಸುವ ದೀಪ ಅಥವಾ ಕೀಟ ಸೆಳೆಯುವ ನೀಲಿ ದೀಪದ ಕೆಳಗೆ ಇಡುವುದು.

8. ಶೇಖರಣೆ, ಒಣಗಿಸುವಿಕೆ ಮತ್ತು ಅಡುಗೆ

ಬಿಸಿಲಿಗೆ ಒಡ್ಡಿದ ತಾಜಾ ಅಣಬೆಯನ್ನು ಅದೇ ದಿನ ಬಳಸುವುದು ಉತ್ತಮ. ಅನಿವಾರ್ಯವಾದಲ್ಲಿ ಕಾಗದದ ಚೀಲದಲ್ಲಿಟ್ಟು ಶೈತ್ಯ ಪೆಟ್ಟಿಗೆಯಲ್ಲಿ ಇರಿಸಿ ಎರಡು ಮೂರು ದಿನಗಳೊಳಗೆ ಬಳಸಬೇಕು. ದಿನ ಕಳೆದಂತೆ ಜೀವಸತ್ವದ ಪ್ರಮಾಣವೂ ಇಳಿಯುತ್ತದೆ.

ಹೆಚ್ಚು ಅಣಬೆ ಇದ್ದಲ್ಲಿ ಬಿಸಿಲಿಗೆ ಒಡ್ಡಿದ ಬಳಿಕ ಪೂರ್ತಿಯಾಗಿ, ಅಂದರೆ ಮುರಿದರೆ ಸದ್ದಾಗುವಂತೆ, ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಕತ್ತಲಿರುವ ತಣ್ಣನೆಯ ಜಾಗದಲ್ಲಿಡಬೇಕು. ಹೀಗೆ ಇಟ್ಟಲ್ಲಿ ಜೀವಸತ್ವವು ತಿಂಗಳುಗಳ ಕಾಲ ಬಹುಮಟ್ಟಿಗೆ ಉಳಿಯುತ್ತದೆ. ತಾಜಾ ಅಣಬೆಯ ತೂಕದಲ್ಲಿ ಸುಮಾರು ಶೇ. 90ರಷ್ಟು ನೀರೇ ಇರುವುದರಿಂದ, 10 ಗ್ರಾಂ ಒಣ ಅಣಬೆಯು ಸುಮಾರು 100 ಗ್ರಾಂ ತಾಜಾ ಅಣಬೆಗೆ ಸಮ. ಒಣ ಅಣಬೆ ಅಥವಾ ಪುಡಿಯನ್ನು ಬಳಸುವಾಗ ಈ ಲೆಕ್ಕದಂತೆ ಮಿತವಾಗಿ ಬಳಸತಕ್ಕದ್ದು.

‘ಡಿ’ ಜೀವಸತ್ವವು ಸಾಮಾನ್ಯ ಅಡುಗೆಯ ಶಾಖಕ್ಕೆ ಬಹುಪಾಲು ಉಳಿದುಕೊಳ್ಳುತ್ತದೆ. ಇದು ಕೊಬ್ಬಿನಲ್ಲಿ ಕರಗುವ ಜೀವಸತ್ವವಾದ್ದರಿಂದ ಎಣ್ಣೆ, ತುಪ್ಪ ಅಥವಾ ತೆಂಗಿನಕಾಯಿ ಸೇರಿದ ಪಲ್ಯ, ಸಾರು, ಸಾಗುಗಳಲ್ಲಿ ಬಳಸಿದಲ್ಲಿ ಶರೀರಕ್ಕೆ ಚೆನ್ನಾಗಿ ದೊರೆಯುತ್ತದೆ. ಅಣಬೆ ಬಳಸುವ ರೂಢಿ ಇಲ್ಲದ ಮನೆಗಳವರು ‘+ಎಫ್’ ಚಿಹ್ನೆಯುಳ್ಳ ಹಾಲು ಹಾಗೂ ಅಡುಗೆ ಎಣ್ಣೆಯನ್ನು ಆಯ್ದುಕೊಳ್ಳಬಹುದು.

9. ನೇರಳಾತೀತ ದೀಪಗಳ ಬಗ್ಗೆ ಎಚ್ಚರಿಕೆ

ವಾಣಿಜ್ಯ ಘಟಕಗಳಲ್ಲಿ ಯು.ವಿ.-ಬಿ ದೀಪಗಳನ್ನು ಅಥವಾ ಕೆಲವೇ ಕ್ಷಣ ಬೆಳಗುವ ಮಿಡಿತದ ದೀಪಗಳನ್ನು ಬಳಸುವುದುಂಟು. ಮೋಡ, ಮಳೆಗಳ ಹಂಗಿಲ್ಲದೆ ಒಂದೇ ಪ್ರಮಾಣದ ಫಲಿತಾಂಶ ಪಡೆಯುವುದು ಇವುಗಳ ಪ್ರಯೋಜನ. ಆದರೆ ಇವುಗಳನ್ನು ಮುಚ್ಚಿದ ಕವಚದೊಳಗೆ, ಬಾಗಿಲು ತೆರೆದೊಡನೆ ತಾನಾಗಿ ಆರುವ ವ್ಯವಸ್ಥೆಯೊಂದಿಗೆ ಮಾತ್ರ ಅಳವಡಿಸತಕ್ಕದ್ದು.

ನೀರು ಹಾಗೂ ಕೊಠಡಿಗಳ ಸೋಂಕು ನಿವಾರಣೆಗೆಂದು ಮಾರುವ 254 ನ್ಯಾನೋಮೀಟರ್‌ನ ದೀಪಗಳು ಯು.ವಿ.-ಸಿ ವರ್ಗಕ್ಕೆ ಸೇರಿವೆ. ಇವುಗಳನ್ನು ಅಣಬೆಗಾಗಿ ಮನೆಯಲ್ಲಿ ತೆರೆದಿಟ್ಟು ಉರಿಸುವುದು ಅಪಾಯಕರ. ಕೆಲವೇ ನಿಮಿಷ ಇವುಗಳ ಬೆಳಕಿಗೆ ಸಿಲುಕಿದ ಕಣ್ಣು ಕೆಲವು ಗಂಟೆಗಳ ನಂತರ ಮರಳು ಬಿದ್ದಂತೆ ಉರಿದು, ಕೆಂಪಾಗಿ, ನೀರು ಸುರಿಸುತ್ತದೆ. ಚರ್ಮವೂ ಸುಡುತ್ತದೆ. ಬೆಳಕು ಮಂದವಾಗಿ ಕಾಣುವುದರಿಂದ ಅಪಾಯದ ಅರಿವು ಆ ಕ್ಷಣದಲ್ಲಿ ಆಗುವುದಿಲ್ಲ. ಬೆಂಗಳೂರಿನ ಬಿಸಿಲು ಉಚಿತವಾಗಿ ಮಾಡುವ ಕೆಲಸಕ್ಕೆ ಗೃಹಸ್ಥರು ಇಂತಹ ದೀಪಗಳನ್ನು ಕೊಳ್ಳುವ ಅವಶ್ಯಕತೆ ಇಲ್ಲ.

10. ಮನೆಯಲ್ಲಿ ಬೆಳೆಯಬಹುದಾದ ತಳಿಗಳು

ಚಿಪ್ಪು ಅಣಬೆ: 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೆಳೆಯುವುದರಿಂದ ಬೆಂಗಳೂರಿನ ಹವೆಗೆ ವರ್ಷದ ಬಹುಭಾಗ ಒಗ್ಗುತ್ತದೆ. ಸಂಸ್ಕರಿಸಿದ ಭತ್ತದ ಹುಲ್ಲಿನ ಚೀಲಗಳಲ್ಲಿ ಬೆಳೆಯಲಾಗುತ್ತದೆ. 1 ಕೆ.ಜಿ. ಒಣ ಹುಲ್ಲಿಗೆ ಸುಮಾರು 500ರಿಂದ 800 ಗ್ರಾಂ ತಾಜಾ ಅಣಬೆಯನ್ನು ನಿರೀಕ್ಷಿಸಬಹುದು. ಹೊಸದಾಗಿ ಆರಂಭಿಸುವವರಿಗೆ ಇದೇ ಸೂಕ್ತ.

ಹಾಲು ಅಣಬೆ: 25ರಿಂದ 35 ಡಿಗ್ರಿ ಉಷ್ಣತೆ ಬಯಸುವ ಭಾರತೀಯ ಮೂಲದ ಅಣಬೆ. ಮಾರ್ಚ್‌ನಿಂದ ಮೇವರೆಗಿನ ಬೇಸಿಗೆಗೆ ಒಪ್ಪುತ್ತದೆ. ಚೀಲದ ಮೇಲೆ ಸಂಸ್ಕರಿಸಿದ ಮಣ್ಣಿನ ಹೊದಿಕೆ ಬೇಕಾಗುತ್ತದೆ.

ಬಟನ್ ಅಣಬೆ: ಅಣಬೆ ಮೂಡುವ ಹಂತದಲ್ಲಿ 14ರಿಂದ 18 ಡಿಗ್ರಿ ತಂಪು ಹಾಗೂ ವಿಶೇಷ ಕಾಂಪೋಸ್ಟ್ ಬೇಕಾಗುವುದರಿಂದ ಮನೆಯ ಮಟ್ಟಕ್ಕೆ ಸೂಕ್ತವಲ್ಲ.

ಬೆಳೆಯುತ್ತಿರುವ ಚೀಲಗಳನ್ನು ನೇರ ಬಿಸಿಲಿನಲ್ಲಿ ಇಡಕೂಡದು. ತೇವ ಆರಿ ಬೆಳೆ ಕೆಡುತ್ತದೆ. ನೆರಳಿನಲ್ಲಿ ಬೆಳೆಸಿ, ಕೊಯ್ಲಿನ ನಂತರ ಮಾತ್ರ ಬಿಸಿಲಿಗೆ ಒಡ್ಡಬೇಕು. ಚಿಪ್ಪು ಅಣಬೆಯ ಅಂಚು ಸುರುಟಿಕೊಳ್ಳುವ ಮುನ್ನ ಕೊಯ್ಯಬೇಕು. ಬಲಿತ ಅಣಬೆಯಿಂದ ಉದುರುವ ಬೀಜಕಣಗಳು ಕೆಲವರಲ್ಲಿ ಕೆಮ್ಮು, ಉಬ್ಬಸ ಉಂಟುಮಾಡುವುದರಿಂದ ಬೆಳೆಯುವ ಕೊಠಡಿಗೆ ಪ್ರವೇಶಿಸುವಾಗ ಮುಖಗವಸು ಧರಿಸುವುದು ಕ್ಷೇಮ.

11. ಮಾರಾಟ ಮಾಡುವವರ ಗಮನಕ್ಕೆ

• ಅಣಬೆಯನ್ನು ಒಣಗಿಸಿ, ಪುಡಿ ಮಾಡಿ ಅಥವಾ ಪೊಟ್ಟಣ ಕಟ್ಟಿ ಮಾರುವವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ತಮ್ಮ ವಹಿವಾಟಿಗೆ ತಕ್ಕಂತೆ ನೋಂದಣಿ ಅಥವಾ ಪರವಾನಗಿ ಪಡೆಯತಕ್ಕದ್ದು. ಇದಕ್ಕಾಗಿ ‘ಫಾಸ್ಕಾಸ್’ ಅಂತರ್ಜಾಲ ತಾಣದಲ್ಲಿ ಅರ್ಜಿ ಸಲ್ಲಿಸಬಹುದು.
• 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಗಳಂತೆ, ಘನ ಆಹಾರವೊಂದನ್ನು ಜೀವಸತ್ವದ ‘ಮೂಲ’ ಎಂದು ಕರೆಯಲು 100 ಗ್ರಾಂನಲ್ಲಿ ದೈನಂದಿನ ಶಿಫಾರಸಿನ ಕನಿಷ್ಠ ಶೇ. 15ರಷ್ಟು, ‘ಸಮೃದ್ಧ’ ಎಂದು ಕರೆಯಲು ಕನಿಷ್ಠ ಶೇ. 30ರಷ್ಟು ಇರಬೇಕು.
• ಬಿಸಿಲಿಗೆ ಒಡ್ಡಿದ ಮಾತ್ರಕ್ಕೆ ಪೊಟ್ಟಣದ ಮೇಲೆ ಪ್ರಮಾಣವನ್ನು ಮುದ್ರಿಸುವಂತಿಲ್ಲ. ದಿನದಿಂದ ದಿನಕ್ಕೆ, ತಟ್ಟೆಯಿಂದ ತಟ್ಟೆಗೆ ಪ್ರಮಾಣ ಬದಲಾಗುತ್ತದೆ. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾದರಿಗಳನ್ನು ಪರೀಕ್ಷೆ ಮಾಡಿಸಿ, ವರದಿಯ ಆಧಾರದ ಮೇಲೆ ಮಾತ್ರ ನಮೂದಿಸತಕ್ಕದ್ದು.
• ‘+ಎಫ್’ ಚಿಹ್ನೆಯು ನಿಯಮಗಳಲ್ಲಿ ಸೂಚಿಸಿದ ಉಪ್ಪು, ಎಣ್ಣೆ, ಹಾಲು, ಗೋಧಿ ಹಿಟ್ಟು, ಮೈದಾ, ಅಕ್ಕಿ ಮುಂತಾದ ಸಾರವರ್ಧಿತ ಆಹಾರಗಳಿಗೆ ಮೀಸಲು. ಬಿಸಿಲಿಗೆ ಒಡ್ಡಿದ ತಾಜಾ ಅಣಬೆಗೆ ಇದನ್ನು ಬಳಸಕೂಡದು.
• ಮೂಳೆ ಸವೆತ ಗುಣವಾಗುತ್ತದೆ, ಮಾತ್ರೆ ಬಿಡಬಹುದು ಎಂಬಂತಹ ಹೇಳಿಕೆಗಳಿಗೆ ಅವಕಾಶವಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಸದರಿ ಕಾಯ್ದೆಯ 53ನೇ ಕಲಂ ಅಡಿಯಲ್ಲಿ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ.

12. ತರಬೇತಿ, ಅಣಬೆ ಬೀಜ ಮತ್ತು ಸಹಾಯಧನಕ್ಕಾಗಿ ಸಂಪರ್ಕಿಸಬೇಕಾದ ಕಚೇರಿಗಳು

• ತೋಟಗಾರಿಕೆ ಇಲಾಖೆ: ಇಲಾಖೆಯ ಪ್ರಧಾನ ಕಚೇರಿಯು ಬೆಂಗಳೂರಿನ ಲಾಲ್‌ಬಾಗ್‌ನಲ್ಲಿದೆ. ತಾಲ್ಲೂಕು ಮಟ್ಟದಲ್ಲಿ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು. ಕುಮಾರಸ್ವಾಮಿ ಲೇಔಟ್ ನಿವಾಸಿಗಳಿಗೆ ಸಮೀಪವಾಗುವ ಇಲಾಖೆಯ ಜೈವಿಕ ಕೇಂದ್ರವು ಬನ್ನೇರುಘಟ್ಟ ರಸ್ತೆಯ ಹುಳಿಮಾವಿನಲ್ಲಿದೆ. ಅಣಬೆ ಬೀಜದ ಲಭ್ಯತೆಯನ್ನು ಅಲ್ಲಿ ವಿಚಾರಿಸಬಹುದು.
• ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಹೆಸರಘಟ್ಟ: 1967ರಲ್ಲಿ ಸ್ಥಾಪಿತವಾದ ಈ ಕೇಂದ್ರ ಸಂಸ್ಥೆಯಲ್ಲಿ ಅಣಬೆ ಪ್ರಯೋಗಾಲಯವಿದ್ದು, ತರಬೇತಿ ಹಾಗೂ ಅಣಬೆ ಬೀಜದ ಬಗ್ಗೆ ವಿಚಾರಿಸಬಹುದು.
• ಕೃಷಿ ವಿಶ್ವವಿದ್ಯಾನಿಲಯ, ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಬೆಂಗಳೂರು: ಅಣಬೆ ಬೇಸಾಯದ ತರಬೇತಿಗಾಗಿ ಸಂಪರ್ಕಿಸಬಹುದು.
• ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಮೈಸೂರು: ಸಂಸ್ಕರಣೆ ಹಾಗೂ ಆಹಾರ ವಿಶ್ಲೇಷಣೆಗೆ ಸಂಬಂಧಿಸಿದ ವಿಚಾರಣೆಗಾಗಿ.

ಅಣಬೆ ಉತ್ಪಾದನಾ ಘಟಕಗಳಿಗೆ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಯೋಜನೆಯ ಮಾರ್ಗಸೂಚಿಗಳಂತೆ ಸಹಾಯಧನ ಪಡೆಯಲು ಅವಕಾಶವಿದೆ. ಸಹಾಯಧನದ ಪ್ರಮಾಣ ಹಾಗೂ ಅರ್ಹತೆಯನ್ನು ಆಯಾ ವರ್ಷದ ಮಾರ್ಗಸೂಚಿ ನಿರ್ಧರಿಸುವುದರಿಂದ, ಹಣ ಹೂಡುವ ಮುನ್ನವೇ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಸಲ್ಲಿಸತಕ್ಕದ್ದು. ವಾಸದ ಬಡಾವಣೆಯಲ್ಲಿ ಮಾರಾಟದ ಉದ್ದೇಶದಿಂದ ಘಟಕ ಆರಂಭಿಸುವವರು ಸಂಬಂಧಪಟ್ಟ ನಗರ ಪಾಲಿಕೆಯಲ್ಲಿ ಉದ್ದಿಮೆ ಪರವಾನಗಿಯ ಅವಶ್ಯಕತೆಯನ್ನೂ ಖಚಿತಪಡಿಸಿಕೊಳ್ಳಬೇಕು.

ವಿಚಾರಣೆಗೆ ತೆರಳುವ ಮುನ್ನ ಈ ವಿವರಗಳನ್ನು ಬರೆದಿಟ್ಟುಕೊಂಡಲ್ಲಿ ಅನುಕೂಲ: ಬೆಳೆಯುವ ಕೊಠಡಿಯ ಅಳತೆ, ನೀರಿನ ಸೌಲಭ್ಯ, ಆಯ್ದ ತಳಿ, ಬೇಕಾದ ಅಣಬೆ ಬೀಜದ ಪ್ರಮಾಣ ಮತ್ತು ದಿನಾಂಕ, ಸ್ವಂತ ಬಳಕೆಯೋ ಮಾರಾಟವೋ ಎಂಬ ವಿವರ. ಅಣಬೆ ಬೀಜ ಹೆಚ್ಚು ದಿನ ಇಡಲು ಬಾರದ ವಸ್ತುವಾದ್ದರಿಂದ, ಹುಲ್ಲು ಹಾಗೂ ಕೊಠಡಿ ಸಿದ್ಧವಾದ ನಂತರವೇ ಪಡೆಯಬೇಕು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೇರಳಾತೀತ ಕಿರಣಗಳಿಗೆ ಒಡ್ಡಿದ ಅಣಬೆಯು ವಿಕಿರಣಶೀಲವಾಗುವುದೇ?
ಉತ್ತರ: ಇಲ್ಲ. ನೇರಳಾತೀತ ಕಿರಣವು ಸೂರ್ಯನ ಬೆಳಕಿನ ಒಂದು ಭಾಗ. ಇದರಿಂದ ಆಹಾರವು ವಿಕಿರಣಶೀಲವಾಗುವುದಿಲ್ಲ.

ಪ್ರಶ್ನೆ: ಅಣಬೆಯ ‘ಡಿ-2’ ಮತ್ತು ಮಾತ್ರೆಗಳ ‘ಡಿ-3’ ಒಂದೇ ಆಗಿವೆಯೇ?
ಉತ್ತರ: ಎರಡೂ ‘ಡಿ’ ಜೀವಸತ್ವದ ರೂಪಗಳು; ಎರಡನ್ನೂ ಶರೀರವು ಬಳಸಿಕೊಳ್ಳುತ್ತದೆ. ಆದರೆ ರಕ್ತದಲ್ಲಿನ ಮಟ್ಟವನ್ನು ಏರಿಸಿ ಹೆಚ್ಚು ಕಾಲ ಉಳಿಸುವಲ್ಲಿ ‘ಡಿ-3’ ಹೆಚ್ಚು ಪರಿಣಾಮಕಾರಿ.

ಪ್ರಶ್ನೆ: ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡುಬಂದಿದೆ. ವೈದ್ಯರು ನೀಡಿದ ಔಷಧಿಯ ಬದಲು ಅಣಬೆ ಸೇವಿಸಬಹುದೇ?
ಉತ್ತರ: ಸೇವಿಸಬಾರದು. ಕೊರತೆಯನ್ನು ತುಂಬಲು ಬೇಕಾದ ಪ್ರಮಾಣವು ದಿನನಿತ್ಯದ ಆಹಾರದ ಪ್ರಮಾಣಕ್ಕಿಂತ ಬಹಳ ಹೆಚ್ಚು. ಔಷಧಿಯನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಕೂಡದು. ಅಣಬೆಯನ್ನು ಆಹಾರವಾಗಿ ಜೊತೆಯಲ್ಲಿ ಬಳಸಬಹುದು.

ಪ್ರಶ್ನೆ: ಬಿಸಿಲಿಗೆ ಒಡ್ಡಿದ ಅಣಬೆಯಲ್ಲಿ ಜೀವಸತ್ವ ಹೆಚ್ಚಿದೆಯೆಂದು ಮನೆಯಲ್ಲಿ ಗುರುತಿಸುವುದು ಹೇಗೆ?
ಉತ್ತರ: ಬಣ್ಣ, ರುಚಿ ಅಥವಾ ವಾಸನೆಯಿಂದ ಗುರುತಿಸಲು ಸಾಧ್ಯವಿಲ್ಲ, ಪ್ರಯೋಗಾಲಯದಲ್ಲಿ ಮಾತ್ರ ಅಳೆಯಬಹುದು. ಆದ್ದರಿಂದಲೇ ಸಮಯ, ನೆರಳಿನ ಅಳತೆ ಹಾಗೂ ಅಂಗಾತ ಇಡುವ ಕ್ರಮವನ್ನು ತಪ್ಪದೆ ಪಾಲಿಸಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಉದ್ಯಾನ ಅಥವಾ ತುರಹಳ್ಳಿ ಅರಣ್ಯದ ಅಂಚಿನಲ್ಲಿ ಏಳುವ ಕಾಡು ಅಣಬೆಯನ್ನು ಬಿಸಿಲಿಗಿಟ್ಟು ಬಳಸಬಹುದೇ?
ಉತ್ತರ: ಬಳಸಕೂಡದು. ವಿಷದ ಅಣಬೆಯ ವಿಷವು ಬಿಸಿಲಿನಿಂದ ನಿವಾರಣೆಯಾಗುವುದಿಲ್ಲ. ಕೆಲವು ಮಾರಕ ವಿಷಗಳು ಬೇಯಿಸಿದರೂ ಉಳಿಯುತ್ತವೆ. ಬೇಸಾಯದಿಂದ ಬಂದ ಅಣಬೆಯನ್ನು ಮಾತ್ರ ಬಳಸತಕ್ಕದ್ದು.

14. ಗಮನಿಸಬೇಕಾದ ಇತರ ಅಂಶಗಳು

• ‘ಡಿ’ ಜೀವಸತ್ವವು ಅತಿಯಾದರೂ ಹಾನಿಕರ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿರುವವರು, ಮೂತ್ರಪಿಂಡದ ಕಾಯಿಲೆ ಅಥವಾ ಕಲ್ಲಿನ ತೊಂದರೆ ಇರುವವರು, ಈಗಾಗಲೇ ಅಧಿಕ ಪ್ರಮಾಣದ ಮಾತ್ರೆ ಸೇವಿಸುತ್ತಿರುವವರು ಅಣಬೆ ಪುಡಿಯನ್ನು ನಿಯತವಾಗಿ ಬಳಸುವ ಮುನ್ನ ವೈದ್ಯರನ್ನು ಕಾಣಬೇಕು.
• ಅಣಬೆ ಒಗ್ಗದವರು, ಮೊದಲ ಬಾರಿ ತಿನ್ನುವ ಮಕ್ಕಳು ಸ್ವಲ್ಪ ಪ್ರಮಾಣದಿಂದ ಆರಂಭಿಸಬೇಕು. ಅಣಬೆಯನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.
• ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ಮಾಳಿಗೆಯು ಎಲ್ಲರ ಬಳಕೆಯ ಸ್ಥಳವಾಗಿರುವುದರಿಂದ ನಿವಾಸಿಗಳ ಸಂಘದ ಒಪ್ಪಿಗೆ ಪಡೆದು, ಬಳಕೆಯ ನಂತರ ಸ್ಥಳವನ್ನು ಶುಚಿಯಾಗಿಡತಕ್ಕದ್ದು.
• ಬೆಳೆ ಮುಗಿದ ಹುಲ್ಲಿನ ಚೀಲಗಳನ್ನು ಕಸದ ರಾಶಿಗೆ ಎಸೆಯದೆ, ಪ್ಲಾಸ್ಟಿಕ್ ಬೇರ್ಪಡಿಸಿ ಹುಲ್ಲನ್ನು ಕೈತೋಟದ ಗೊಬ್ಬರವಾಗಿ ಬಳಸಬಹುದು.